ಲೋಕಲ್ ರೈಲಿನಲ್ಲಿ ಹಿಮ

ಮುಂಬೈ ಪಕ್ಕದ ಡೊಂಬಿವಲಿಯ ಚಳಿಗಾಲ ನಮ್ಮ ಮನೆಗೆ ಬರುವುದು ಫ್ಯಾನಿನ ರೆಗ್ಯುಲೇಟರಿನ ಮೂಲಕ. ಬೆಳಗಿನ ಜಾವ ಯಾರಾದರೂ ಎದ್ದು ಅದನ್ನು ಸ್ವಲ್ಪ ಕಡಿಮೆ ಮಾಡಿದರೆ ಡಿಸೆಂಬರ್ ಬಂತೆಂದು ಅರ್ಥ. ಇಂಥ ಊರಿನಲ್ಲಿ ಸೀನಿಯರ್ ಕೆಜಿ ಮಕ್ಕಳಿಗೆ ‘ಚಳಿಗಾಲದಲ್ಲಿ ನಾನು’ ಎಂದು ತಮ್ಮದೇ ಚಿತ್ರ ಬರೆದು ತರಲು ಹೇಳಿದ ಟೀಚರ ಧೈರ್ಯವನ್ನು ಮೆಚ್ಚಬೇಕು.

ಮಗಳು ಅನಘಾ ಕನ್ನಡಿಯ ಮುಂದೆ ಸ್ಟೂಲು ಹಾಕಿಕೊಂಡು, ಬಿದ್ದ ಹಲ್ಲಿನ ಕಿಂಡಿಯನ್ನೂ ಬಿಡದೆ, ತಲೆಯಿಂದ ಕಾಲಿನ ತನಕ ತನ್ನನ್ನು ಬರೆದುಕೊಂಡಳು. ಸ್ವೆಟರಿಗೆಂದು ಹೆಂಡತಿ ವಸುಧಾ ನನ್ನ ಹಳೆಯ ಮೈಸೂರು ಸ್ವೆಟರಿನ ತೋಳು ಕತ್ತರಿಸಿದಳು. ಹಿಮಕ್ಕೆ ಹತ್ತಿ. ಹಿಮವನ್ನು ನಮ್ಮಲ್ಲಿ ಯಾರೂ ಫ್ರಿಜ್ಜಿನ ಹೊರಗೆ ಕಂಡವರಲ್ಲ. ಹಾಗಾಗಿ ಧಾರಾಳವಾಗಿಯೇ ಅಂಟಿಸಿದೆವು.

ಮರುದಿನ ಪ್ರದರ್ಶನ, ಅದೂ ಮುಂಬೈ ದಾರಿಯ ಠಾಣೆ ಊರಿನಲ್ಲಿರುವ ಶಾಲೆಯ ಶಾಖೆಯಲ್ಲಿ. ಬೆಳಗಾದರೂ ಗೋಂದು ಒಣಗಿರಲಿಲ್ಲ. ತಾಯಿ, ಮಗಳು ಶಾಲೆಯ ಬಸ್ಸಿನಲ್ಲಿ ಮುಂದೆ ಹೋದರು. ಠಾಣೆಯಲ್ಲೇ ಕೆಲಸವಿದ್ದ ನಾನು ಚಿತ್ರವನ್ನು ಒಣಗಿಸಿ ತರುವುದೆಂದಾಯಿತು. “ಪಪ್ಪಾ, ಸಂಭಾಲ್ ಕೇ ಲಾನಾ,” ಎಂದಳು ಮಗಳು, ಜೋಪಾನವಾಗಿ ತಾ ಅಂತ. ಅವಳಿಗೆ ಕನ್ನಡ ಕಿವಿಯಲ್ಲಿದೆ, ನಾಲಿಗೆಯಲ್ಲಿ ಹಿಂದಿ.

ತಮ್ಮ ಚಿತ್ರ ತಾವೇ ಬರೆದುಕೊಂಡ ಮಹಾ ಕಲಾವಿದರು ಎಷ್ಟೋ ಮಂದಿ. ಅವರ್ಯಾರೂ ಅದನ್ನು ಡೊಂಬಿವಲಿಯಿಂದ ಬೆಳಗಿನ ಫಾಸ್ಟ್ ಲೋಕಲಿನಲ್ಲಿ ಸಾಗಿಸಲಿಲ್ಲ. ಅದಕ್ಕೇ ಆ ಚಿತ್ರಗಳು ಉಳಿದಿವೆ.

ರೈಲಿನ ಬಾಗಿಲಲ್ಲಿ ಕಾಲಿಡುವಷ್ಟರಲ್ಲೇ ಹಾಳೆ ಮುದುಡತೊಡಗಿತು. ತಲೆಯ ಮೇಲೆ ಎತ್ತಿ ಹಿಡಿದೆ. ಫ್ಯಾನಿನ ಗಾಳಿಗೆ ಹತ್ತಿ ಕಿತ್ತುಬಂದು ಜನರ ಮೇಲೆ ಉದುರಿತು. “ಅರೇ, ಬರ್ಫ ಪಡ್ತೋಯ್!” ಹಿಮ ಬೀಳ್ತಿದೆ ಎಂದು ಯಾರೋ ಮರಾಠಿಯಲ್ಲಿ ಕೂಗಿ ನಕ್ಕರು. ನನಗೆ ನಗು ಬರಲಿಲ್ಲ. ಒಳಗೆ ಸೀಟುಗಳ ನಡುವೆ ನಿಂತಿದ್ದವರೊಬ್ಬರು ಫೋನಿನಲ್ಲಿ ಕನ್ನಡ ಮಾತಾಡುತ್ತಿದ್ದರು.

“ಸಾರ್, ಸ್ವಲ್ಪ ಇದನ್ನ ಹಿಡ್ಕೊಳ್ತೀರಾ? ಮಗಳದು!” ಎಂದು ಕೂಗಿದೆ.

“ಕೊಡ್ರಿ ಇತ್ತಾಗ.”

ಚಿತ್ರ ಕೈಯಿಂದ ಕೈಗೆ ದಾಟಿ ಅವರನ್ನು ಸೇರಿತು.

ಠಾಣೆ ಬಂತು. ವಾಪಸು ಪಡೆಯಲು ತಿರುಗುವಷ್ಟರಲ್ಲಿ ಹಿಂದಿನವರು ನನ್ನನ್ನು ಪ್ಲಾಟ್‌ಫಾರ್ಮಿಗೆ ದೂಡಿದರು. ಹತ್ತುವವರು ಬಾಗಿಲು ತುಂಬಿಕೊಂಡರು. ರೈಲು ಹೊರಟೇಬಿಟ್ಟಿತು. ಕಿಟಕಿಯ ಸರಳುಗಳಾಚೆಯಿಂದ ಅವರು ಏನೋ ಕೂಗಿದರು. ನಿಂದರ್ರಿ ಎಂದರೋ, ಬರ್ರಿ ಎಂದರೋ? ಉತ್ತರ ಕರ್ನಾಟಕದ ಆ ‘ರಿ’ ಮಾತ್ರ ನನಗೆ ದಕ್ಕಿತು; ಕ್ರಿಯಾಪದ ರೈಲಿನ ಜೊತೆ ಹೋಯಿತು.

ಬೆನ್ನಟ್ಟಿ ಹೋದರೆ ಅವರು ಇತ್ತ ಬಂದುಬಿಡಬಹುದು. ಇಲ್ಲೇ ನಿಂತರೆ ಬರದೆಯೂ ಇರಬಹುದು. ಹೆಸರೂ ಗೊತ್ತಿಲ್ಲ. ವಸುಧಾಳ ಫೋನು ಬಂತು; ಎತ್ತಲಿಲ್ಲ. ಮತ್ತೆ ಬಂತು.

“ಎಲ್ಲಿದೀರಿ? ಎಲ್ಲರದೂ ಗೋಡೆಗೆ ಹಾಕಿ ಆಯ್ತು. ಇವಳು ಬಾಗಿಲಲ್ಲೇ ನಿಂತಿದಾಳೆ.”

“ಠಾಣೇಲೇ ಇದೀನಿ,” ಎಂದೆ. ಸುಳ್ಳಲ್ಲ. ಚಿತ್ರ ಎಲ್ಲಿದೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ರೈಲು ಹೋದ ಕಡೆಯಿಂದ ವಾಪಸು ಬಂದ ಪ್ರತಿ ರೈಲಿನಿಂದ ಇಳಿದವರ ಮುಖಗಳನ್ನೂ ಹುಡುಕಿದೆ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಇನ್ನು ಬರಿಗೈಯಲ್ಲೇ ಹೋಗುವುದೆಂದು ಹೊರಟಾಗ, ಮೇಲ್ಸೇತುವೆಯ ಮೆಟ್ಟಿಲಿನಲ್ಲಿ, ಜನರ ತಲೆಗಳ ಮೇಲೆ ಒಂದು ಹಲ್ಲು ಬಿದ್ದ ನಗು ಇಳಿದು ಬರುತ್ತಿತ್ತು. ಅದರ ಕೆಳಗೆ ಏದುಸಿರು ಬಿಡುತ್ತ ಅವರು. ಮುಂದಿನ ನಿಲ್ದಾಣ ಘಾಟಕೋಪರಿನಲ್ಲಿ ಇಳಿದು ತಿರುಗಿ ಬಂದಿದ್ದರು.

“ನಿಮ್ಮ ಆಫೀಸು?” ಎಂದೆ.

“ಇರ್ಲಿ ಬಿಡ್ರಿ. ಕೂಸು ನನ್ನ ಕಡೇನ ನೋಡಾಕತ್ತಿತ್ತು, ಹೆಂಗ ಬಿಟ್ಟು ಹೋಗ್ಲಿ?” ಎಂದವರೇ ಮುಂದಿನ ರೈಲಿಗೆ ಓಡಿದರು.

ಶಾಲೆ ತಲುಪಿದಾಗ ಚಿತ್ರದಲ್ಲಿ ಹತ್ತಿಯ ಒಂದು ಎಳೆಯೂ ಇರಲಿಲ್ಲ, ಗೋಂದಿನ ಕಲೆಗಳಷ್ಟೇ. ಅನಘಾ ಆ ಕಲೆಗಳ ಮೇಲೆ ಬೆರಳಾಡಿಸಿದಳು.

“ಬರ್ಫ್ ಕಿಧರ್ ಗಯಾ?”

“ಕರಗಿಹೋಯ್ತು ಪುಟ್ಟೀ. ಟ್ರೇನಲ್ಲಿ ತುಂಬಾ ಸೆಕೆ.”

ಅವಳು ಯೋಚಿಸಿದಳು. ಟೀಚರ ಹತ್ತಿರ ನೀಲಿ ಬಳಪ ಕೇಳಿ ತಂದು, ನೆಲದ ಮೇಲೆ ಬೋರಲು ಮಲಗಿ, ಚಿತ್ರದ ಕಾಲುಗಳ ಕೆಳಗೆ ಹಾಳೆಯ ಅಂಚಿನ ತನಕ ನೀರು ಬರೆದಳು. ಗೋಡೆಯ ತುಂಬ ಮಕ್ಕಳು ಹಿಮದಲ್ಲಿ ಕೈಕಟ್ಟಿ ನಿಂತಿದ್ದರು. ನಮ್ಮವಳೊಬ್ಬಳು, ಸ್ವೆಟರ್ ಸಮೇತ, ನೀರಾಟಕ್ಕೆ ಇಳಿದಿದ್ದಳು.