ಯಾವ ಇಲಿಗೆ ಔಷಧಿ ಕೊಟ್ಟಿದ್ದರು

ಮಕ್ಕಳೇ, ನಿಮ್ಮ ಅಜ್ಜನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದ ವರ್ಷ ನಿಮ್ಮ ಅಮ್ಮ ಅದೇ ಕಾಯಿಲೆಯ ಔಷಧಿಯನ್ನು ಇಲಿಗಳ ಮೇಲೆ ಪರೀಕ್ಷೆ ಮಾಡುತ್ತಿದ್ದಳು. ನಾವಾಗ ಅವಳ ಪ್ರಯೋಗಾಲಯಕ್ಕೆ ಹತ್ತಿರವೆಂದು ಲಿಂಗಂಪಲ್ಲಿಯಲ್ಲಿದ್ದೆವು. ಇಲಿಗೆ ಮಂಪರು ಬರಿಸಿ, ಮಿದುಳಿಗೆ ಹೋಗುವ ರಕ್ತವನ್ನು ಸ್ವಲ್ಪ ಹೊತ್ತು ತಡೆದು, ಆಮೇಲೆ ಕೆಲವಕ್ಕೆ ಹೊಸ ಔಷಧಿ, ಕೆಲವಕ್ಕೆ ಬರೀ ಉಪ್ಪುನೀರು ಚುಚ್ಚುತ್ತಿದ್ದರಂತೆ. ಮರುದಿನ ಸ್ಕ್ಯಾನ್. ಕೆಟ್ಟುಹೋದ ಭಾಗ ಅದರಲ್ಲಿ ಬೆಳ್ಳಗೆ ಕಾಣುತ್ತದೆ. ಔಷಧಿ ಕೊಟ್ಟ ಇಲಿಗಳಲ್ಲಿ ಆ ಕಲೆ ಚಿಕ್ಕದಾಗಿದ್ದರೆ ಔಷಧಿ ಗೆದ್ದಂತೆ.

ಆ ಇಲಿಗಳನ್ನು ನೆನೆದು ನನಗೆ ಸಂಕಟವಾಗುತ್ತಿತ್ತು. ಆದರೂ ಔಷಧಿ ಗೆಲ್ಲಲಿ ಎಂದೇ ದೇವರ ಮುಂದೆ ಬೇಡುತ್ತಿದ್ದೆ. ಗೆದ್ದರೆ ನಿಮ್ಮ ಅಜ್ಜನಿಗೂ ಒಂದಿಷ್ಟು ಸಿಕ್ಕೀತು ಎಂಬ ಆಸೆ. ಬಾಯಿಬಿಟ್ಟು ಮಗಳನ್ನು ಕೇಳಲು ಸಂಕೋಚ.

ಒಂದು ಭಾನುವಾರ ಅವಳು ಲ್ಯಾಪ್‌ಟಾಪಿನಲ್ಲಿ ಕಲೆಗಳ ಅಂಚಿಗೆ ಗೆರೆ ಎಳೆಯುತ್ತ ಅಳತೆ ಮಾಡುತ್ತಿದ್ದಳು. ನಾನು ಹಿಂದೆ ನಿಂತು ನೋಡಿದೆ.

“ಇದಕ್ಕ ಔಷಧಿ ಕೊಟ್ಟಾರ ನೋಡು. ಕಲೆ ಎಷ್ಟು ಸಣ್ಣದೈತಿ,” ಅಂದೆ.

ಅವಳು ಪಟ್ಟನೆ ಲ್ಯಾಪ್‌ಟಾಪ್ ಮುಚ್ಚಿದಳು. “ಹಂಗ ಹೇಳಬ್ಯಾಡವ್ವಾ. ಯಾವುದಕ್ಕ ಕೊಟ್ಟಾರ ಅಂತ ನನಗೂ ಗೊತ್ತಿರಬಾರದು. ಗೊತ್ತಾದ್ರ ಕೈ ತಾನ ಗೆರಿ ಒಳಗ ಎಳದು ಕಲೆ ಸಣ್ಣ ಮಾಡತೈತಿ.”

“ನಿನ್ನ ಕೈ ಅಂಥಾದ್ದಲ್ಲ ಬಿಡು.”

“ದಿನಾ ಅಪ್ಪಗ ಅಂಗಿ ತೊಡಸೋ ಕೈ ಅವ್ವಾ ಇದು.”

ಮಂಚದ ಮೇಲಿಂದ ನಿಮ್ಮ ಅಜ್ಜ ತೊದಲುತ್ತ, “ನಿಮ್ಮವ್ವ ಪರೀಕ್ಷಾ ಮುಗಿಯೋದ್ರಾಗ ಔಷಧಿ ಪಾಸ್ ಮಾಡಿಬಿಟ್ಲು,” ಅಂದರು.

ಅವಳು ಅಡುಗೆಮನೆಗೆ ಬಂದಾಗ ಧೈರ್ಯ ಮಾಡಿ ನನ್ನ ಆಸೆ ಹೇಳಿದೆ.

“ಗೆದ್ರೂ ಅಪ್ಪಗಲ್ಲವ್ವಾ. ಲಕ್ವಾ ಹೊಡದ ಕೆಲವು ತಾಸಿನೊಳಗ ಕೊಡೋ ಔಷಧಿ ಅದು. ಮನುಷ್ಯಾರಿಗೆ ಬರಾಕ ಇನ್ನೂ ಭಾಳ ವರ್ಷ ಬೇಕು.”

ತಲೆ ಆಡಿಸಿದೆ. ಆಸೆ ಮಾತ್ರ ಹೋಗಲಿಲ್ಲ.

ಅಳತೆಯೆಲ್ಲ ಮುಗಿದ ಮೇಲೆ, ಯಾವ ಇಲಿಗೆ ಏನು ಕೊಟ್ಟಿದ್ದರೆಂದು ಬೇರೆಯವರು ತಿಳಿಸಿದರು. ಸಣ್ಣ ಕಲೆಗಳು ಉಪ್ಪುನೀರಿನ ಇಲಿಗಳಲ್ಲೂ ಅಷ್ಟೇ ಇದ್ದವು. ಔಷಧಿಯಿಂದ ಏನೂ ಫರಕು ಬಿದ್ದಿರಲಿಲ್ಲ. ಅಂದು ಸಂಜೆ ಅವಳು ಬಂದವಳೇ ಅಪ್ಪನ ಮಂಚದ ಮೇಲೆ ಕುಳಿತಳು.

“ಆಗಲಿಲ್ಲಪ್ಪಾ,” ಅಂದಳು.

ನಿಮ್ಮ ಅಜ್ಜ ಎಡಗೈಯಿಂದ ಅವಳ ತಲೆ ಸವರಿದರು. “ಖರೇ ಹೇಳಿದಿ, ಚಲೋ ಆತು. ಸುಳ್ಳ ಹೇಳಿದ್ದರ ನಾ ನಂಬಿಬಿಡ್ತಿದ್ದೆ.”

ಅವರೂ ನನ್ನ ಹಾಗೆಯೇ ಕಾಯುತ್ತಿದ್ದರೆಂದು ನನಗೆ ಆಗ ತಿಳಿಯಿತು. ಎಣ್ಣೆ ಬೆಚ್ಚಗೆ ಮಾಡಿ ತಂದು ಅವರ ಬಲಗೈ ತಿಕ್ಕತೊಡಗಿದೆ. ನಿಮ್ಮ ಅಮ್ಮ ಕಣ್ಣೊರೆಸಿಕೊಂಡು, ಮುದುರಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಿಡಿದಳು.