ಹಿಶಾಮನ ಕಪ್ಪು ಬೈಕು

ಹಂಪನಕಟ್ಟೆಯ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಹಿಶಾಮ್ ಇಪ್ಪತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದಾನೆ. ಸೀರೆಗೆ ಹೊಂದುವ ರವಕೆ ಬಟ್ಟೆ, ಚೂಡಿದಾರಕ್ಕೆ ಹೊಂದುವ ಲೈನಿಂಗ್, ಬುರ್ಖಾದ ಕರಿಬಟ್ಟೆ, ಇವು ಅಲ್ಲಿನ ವ್ಯಾಪಾರ. ಗಿರಾಕಿಗಳು ಸೀರೆಯ ಸೆರಗನ್ನು ಮೇಜಿನ ಮೇಲೆ ಹಾಸಿದರೆ ಅವನು ಗೋಡೆಯಿಂದ ಒಂದೆರಡು ಸುರುಳಿ ಎಳೆದು, ಎಲ್ಲವನ್ನೂ ಎತ್ತಿಕೊಂಡು ಹೊರಗೆ ಫುಟ್‌ಪಾತಿಗೆ ಹೋಗುತ್ತಾನೆ. ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಿ ಬಟ್ಟೆ ಹರಿಯಬಾರದು ಎಂಬುದು ಅವನ ನಿಯಮ. ಮಳೆಗಾಲದ ಸಂಜೆ ಬಂದವರಿಗೆ "ನಾಳೆ ಬೆಳಿಗ್ಗೆ ಬನ್ನಿ" ಎಂದು ಹೇಳಿ ಕಳಿಸುವುದೂ ಉಂಟು. ಮಾಲೀಕ ಅಬ್ದುಲ್ಲ ಹಾಜಿಯವರಿಗೆ ಇದು ಹಿಡಿಸುವುದಿಲ್ಲ. ಆದರೆ ಅವನು ಹರಿದು ಕೊಟ್ಟ ಬಟ್ಟೆ ವಾಪಸು ಬರುವುದು ಅಪರೂಪವಾದ್ದರಿಂದ ಸುಮ್ಮನಿದ್ದಾರೆ.

ಜೆಪ್ಪುವಿನಲ್ಲಿ ಅವನ ಮನೆ ನಮ್ಮ ಕಂಪೌಂಡಿಗೆ ತಾಗಿಯೇ ಇದೆ. ನಾನು ಟೀಚರಾಗಿದ್ದ ಶಾಲೆಗೆ ಬರುತ್ತಿದ್ದ ಕಾಲದಿಂದ ಅವನನ್ನು ಬಲ್ಲೆ. ಮಾತು ಕಡಿಮೆ, ಕೆಟ್ಟ ಚಾಳಿ ಇಲ್ಲ, ಹೇಳಿಕೊಳ್ಳುವಂಥ ಮಹತ್ವಾಕಾಂಕ್ಷೆಯೂ ಇಲ್ಲ. ಮನೆಯಲ್ಲಿ ತಾಯಿ ಬೀಫಾತಿಮ್ಮ, ಹೆಂಡತಿ ಸಾಜಿದಾ, ಹೈಸ್ಕೂಲಿಗೆ ಹೋಗುವ ಮಗಳು ಹನಾನ್. ಅವರ ಮನೆಮಾತು ಬ್ಯಾರಿ. ನಾನು ಕೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ಸಾಜಿದಾಳಿಗೆ ಅಝರ್ ಎಂಬ ಅಣ್ಣ ಇದ್ದಾನೆ, ಅವಳು ಕರೆಯುವುದು 'ಕಾಕ' ಎಂದು. ಕೊಲ್ಲಿ ದೇಶದಲ್ಲಿ ದುಡಿದು ಬಂದು ಕುಲಶೇಖರದಲ್ಲಿ ಮನೆ ಕಟ್ಟಿಸಿದವನು. ತಂಗಿಯ ಮನೆಯ ಫ್ರಿಜ್, ಸೋಫಾ, ಬಟ್ಟೆ ಒಗೆಯುವ ಮೆಷಿನ್, ಅಡುಗೆಮನೆಯ ಟೈಲ್ಸ್ ಎಲ್ಲವೂ ಅವನ ಕೊಡುಗೆ, ಅವನ ಆಯ್ಕೆ. ಅಝರ್ ಒಳ್ಳೆಯವನೇ. ಕೊಡುವ ಮೊದಲು ಕೇಳುವ ಅಭ್ಯಾಸ ಮಾತ್ರ ಅವನಿಗಿಲ್ಲ. ದಿನವಿಡೀ ಪರರಿಗೆ ಬಣ್ಣ ಆರಿಸಿಕೊಡುವ ಹಿಶಾಮ್ ತನ್ನ ಮನೆಗಾಗಿ ತಾನೇ ಆರಿಸಿ ತಂದದ್ದು ಒಂದೇ ವಸ್ತು. ಅದು ಮದುವೆಗೆ ಮೊದಲು ಸ್ವಂತ ಸಂಬಳದಲ್ಲಿ ಕೊಂಡ ಕಪ್ಪು ಬೈಕು.

ಕಡಲ ಗಾಳಿಗೆ ಆ ಬೈಕಿನ ಬಣ್ಣ ಗುಳ್ಳೆ ಎದ್ದು ಉದುರುತ್ತಿತ್ತು. ಟ್ಯಾಂಕಿಯ ಎರಡೂ ಬದಿ ತುಕ್ಕಿನ ತೇಪೆಗಳು. ಅಬ್ದುಲ್ಲ ಹಾಜಿಯವರು ಅದನ್ನು ಅಂಗಡಿಯ ಎದುರು ನಿಲ್ಲಿಸಬೇಡ, ಹಿಂದಿನ ಓಣಿಯಲ್ಲಿ ಇಡು ಎಂದಿದ್ದರು. ಕಳೆದ ಡಿಸೆಂಬರಿನ ಒಂದು ಆದಿತ್ಯವಾರ ಅಝರ್ ಬಂದು ವಿಷಯ ಎತ್ತಿದ. ಅವರ ಜಗಲಿಯ ಮಾತು ನಮ್ಮ ಜಗಲಿಗೆ ಕೇಳಿಸದಿರಲು ಸಾಧ್ಯವಿಲ್ಲ.

"ಎಕ್ಸ್‌ಚೇಂಜ್ ಮೇಳ ಉಂಟು ಹಿಶಾಮ್. ಈ ಗುಜರಿ ಕೊಟ್ಟು ಒಂದು ಸ್ಕೂಟರ್ ತೆಗೆಯುವ. ಮೊದಲಿನ ಹಣ ನಾನು ಕಟ್ತೇನೆ. ಶೋರೂಮಿನ ಹುಡುಗ ಶೋಭಿತ್ ಬರುವ ಆದಿತ್ಯವಾರ ಬಂದು ಇದನ್ನು ತಗೊಂಡು ಹೋಗ್ತಾನೆ. ಎಲ್ಲ ಮಾತಾಡಿ ಆಗಿದೆ."

"ಎಂಜಿನ್ ಸರಿ ಉಂಟು ಭಾವ."

"ಎಂಜಿನ್ ಯಾರಿಗೆ ಕಾಣ್ತದೆ ಮಾರಾಯ? ನೀನು ಬರುವಾಗ ಗುಜರಿಯವ ಬಂದ ಅಂತ ಜನ ಹಳೇ ಪೇಪರ್ ತರ್ತಾರೆ."

ಸಾಜಿದಾ ಅಣ್ಣನ ಪಕ್ಷ ಹಿಡಿದಳು. "ಮೊನ್ನೆ ಮದುವೆ ಹಾಲಿಗೆ ಇದರಲ್ಲೇ ಹೋದದ್ದು. ವಾಚ್‌ಮ್ಯಾನ್ ನಮಗೆ ಕ್ಯಾಟರಿಂಗಿನವರ ಗೇಟು ತೋರಿಸಿದ."

ಎಲ್ಲರೂ ನಕ್ಕರು, ಹಿಶಾಮನೂ ನಕ್ಕ. ಆಮೇಲೆ ಹೇಳಿದ: "ನಾನೇ ಪೈಂಟ್ ಮಾಡ್ತೇನೆ. ಆದಿತ್ಯವಾರ ಶೋಭಿತ್ ಬರಲಿ. ಅವನು ನೋಡಿ ಗುಜರಿ ಅಂತ ಹೇಳಿದ್ರೆ ಕೀ ಕೊಡ್ತೇನೆ. ಅಲ್ಲ ಅಂತ ಹೇಳಿದ್ರೆ ಬೈಕು ಇಲ್ಲೇ."

"ಪೈಂಟ್ ಮಾಡುದು ಬ್ಲೌಸ್ ಪೀಸ್ ಹರಿದ ಹಾಗಲ್ಲ," ಎಂದ ಅಝರ್. "ಆಯ್ತು, ನೋಡುವ. ಯಾವ ಕಲರ್?"

"ಕಪ್ಪು."

"ಈಗ ಇರುದೂ ಕಪ್ಪೇ ಅಲ್ವಾ?"

"ಆರ್‌ಸಿಯಲ್ಲಿ ಕಪ್ಪು ಅಂತ ಉಂಟು. ಬೇರೆ ಹಾಕಿದ್ರೆ ಆರ್‌ಟಿಒ ಆಫೀಸಿಗೆ ಅಲೆಯಬೇಕು. ಮತ್ತೆ, ಕಪ್ಪು ಅಂದ್ರೆ ಒಂದೇ ಕಪ್ಪು ಅಂತ ನಿಮಗೆ ಯಾರು ಹೇಳಿದ್ದು?"

ಹೊಂದಿಸಲು ಅತ್ಯಂತ ಕಷ್ಟದ ಬಣ್ಣ ಕಪ್ಪೇ ಎಂದು ಅವನು ಹಿಂದೊಮ್ಮೆ ನನಗೂ ವಿವರಿಸಿದ್ದ. ಒಂದು ಕಪ್ಪಿನೊಳಗೆ ನೀಲಿ ಇರುತ್ತದೆ, ಇನ್ನೊಂದರೊಳಗೆ ಹಸಿರು, ಮತ್ತೊಂದರೊಳಗೆ ಕೆಂಪು. ಅವನಿಗೆ ಬೇಕಾಗಿದ್ದದ್ದು ಕೆಂಪಿನ ಕಪ್ಪು. ನೆರಳಿನಲ್ಲಿ ಬರೀ ಕಪ್ಪು, ಬಿಸಿಲು ಬಿದ್ದಾಗ ಪುನರ್ಪುಳಿ ಹಣ್ಣಿನ ಒಣಸಿಪ್ಪೆಯಂತೆ ಒಳಗಿನಿಂದ ಕೆಂಪಾಗುವಂಥದ್ದು. ವರ್ಕ್‌ಶಾಪಿನವರು ಅದಕ್ಕೆ ಕೇಳಿದ್ದು ಅವನ ಅರ್ಧ ತಿಂಗಳ ಸಂಬಳ. ಆದ್ದರಿಂದ ಅವನು ಸೆಡ್ರಿಕ್ ಎಂಬವರ ಹಾರ್ಡ್‌ವೇರ್ ಅಂಗಡಿಯಿಂದ ಸ್ಪ್ರೇ ಡಬ್ಬಿಗಳನ್ನು ತಂದ. ತಳಕ್ಕೆ ಪ್ರೈಮರ್, ಮೇಲೆ ಮರೂನ್, ಕಪ್ಪು, ಕೊನೆಗೆ ಹೊಳಪಿನ ಲ್ಯಾಕರ್.

ಕಾರಿಲ್ಲದ ನಮ್ಮ ಕಾರ್ ಶೆಡ್ಡನ್ನು ಕೇಳಿದ. ಪೆಟ್ರೋಲನ್ನು ಬೇರೆ ಕಡೆ ಖಾಲಿ ಮಾಡಿ ಟ್ಯಾಂಕಿ ಒಣಗಿಸಿ ತರಬೇಕು, ಮಾಸ್ಕ್ ಹಾಕಬೇಕು, ನೆಲಕ್ಕೆ ಪೇಪರ್ ಹಾಸಬೇಕು ಎಂದು ಹೇಳಿ ಕೊಟ್ಟೆ. ಧೂಳು, ಸೊಳ್ಳೆ ಹಸಿ ಬಣ್ಣದ ಮೇಲೆ ಕೂರದಂತೆ ಅವನು ಮನೆಯ ಹಳೆಯ ಸೊಳ್ಳೆಪರದೆಯನ್ನು ಶೆಡ್ಡಿನ ಜಂತಿಗೆ ಕಟ್ಟಿ, ಅದರೊಳಗೆ ಟ್ಯಾಂಕಿಯನ್ನು ಸ್ಟೂಲಿನ ಮೇಲೆ, ಮಡ್‌ಗಾರ್ಡನ್ನು ಅದರ ಪಕ್ಕದಲ್ಲಿ ಇಟ್ಟ.

ಸೋಮವಾರ ಬಿಸ್ಕತ್ತು ಡಬ್ಬಿಗಳ ಮುಚ್ಚಳಗಳ ಮೇಲೆ ಮರೂನ್ ಹೊಡೆದು, ಅದರ ಮೇಲೆ ಕಪ್ಪನ್ನು ಒಂದಕ್ಕೆ ತೆಳುವಾಗಿ, ಒಂದಕ್ಕೆ ದಪ್ಪವಾಗಿ ಹೊಡೆದು ನಮ್ಮ ಕಂಪೌಂಡ್ ಗೋಡೆಯ ಮೇಲೆ ಸಾಲಾಗಿ ಇಟ್ಟ. ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಗೋಡೆಯ ಬದಿಯಲ್ಲಿ ಅತ್ತಿತ್ತ ನಡೆದು ಎಲ್ಲವನ್ನೂ ನೋಡಿ, ಒಂದನ್ನು ಜೇಬಿಗೆ ಹಾಕಿಕೊಂಡ. ಉಳಿದವನ್ನು ಬೀಫಾತಿಮ್ಮ ತೆಗೆದುಕೊಂಡು ಹೋಗಿ ಡಬ್ಬಿಗಳಿಗೆ ಮುಚ್ಚಿದರು.

ಮಂಗಳವಾರ ಸಂಜೆ ಹಳೆಯ ಬಣ್ಣ ಕೆರೆದ. ಎಮರಿ ಪೇಪರಿನಲ್ಲಿ ಉಜ್ಜಿ ಉಜ್ಜಿ ಟ್ಯಾಂಕಿ ಬಿಳಿಯ ಕಬ್ಬಿಣವಾಯಿತು. ಬುಧವಾರ ಅಂಗಡಿಯಿಂದ ಬಂದವನೇ ಪ್ರೈಮರ್ ಹೊಡೆದ. ಹೊಡೆದ ಕ್ಷಣದಲ್ಲಿ ಸಮನಾಗಿ ಕಂಡ ಬಣ್ಣ ಸ್ವಲ್ಪ ಹೊತ್ತಿನಲ್ಲೇ ಅಲ್ಲಲ್ಲಿ ಹಿಂಜರಿದು ದುಂಡು ದುಂಡು ತೂತು ಬಿಟ್ಟಿತು. ಒಳಗಿನ ಕಬ್ಬಿಣ ಕಣ್ಣು ಬಿಟ್ಟು ನೋಡುತ್ತಿತ್ತು.

"ಅಬ್ಬ, ನೀರುದೋಸೆ," ಎಂದಳು ಹನಾನ್.

ಡಬ್ಬಿಯೇ ಹಾಳು ಎಂದುಕೊಂಡ ಹಿಶಾಮ್ ಗುರುವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ಸೆಡ್ರಿಕರ ಅಂಗಡಿಗೆ ಹೋದ. ಅವರು ಅವನ ಎದುರಿಗೇ ಒಂದು ತಗಡಿನ ತುಂಡಿಗೆ ಹೊಡೆದು ತೋರಿಸಿದರು. ಕನ್ನಡಿಯಂತೆ ಕೂತಿತು. "ಡಬ್ಬಿಯಲ್ಲಿ ಎಂತದೂ ಇಲ್ಲ. ನಿಮ್ಮ ಟ್ಯಾಂಕಿ ಮೇಲೆ ಏನೋ ಉಂಟು, ಜಿಡ್ಡೋ ಗ್ರೀಸೋ," ಎಂದರು. ಗ್ರೀಸಿನ ಬಳಿಗೆ ಟ್ಯಾಂಕಿ ಹೋಗಿಯೇ ಇರಲಿಲ್ಲ. ಸಂಜೆ ಮತ್ತೆ ಎಲ್ಲ ಕೆರೆದು ತೆಗೆದ. ಅದೇ ಹೊತ್ತಿಗೆ ಅಝರ್ ಬಂದು ಸೊಳ್ಳೆಪರದೆ ಎತ್ತಿ ನೋಡಿದ.

"ಮದುಮಗಳನ್ನು ಕೂರಿಸಿದ ಹಾಗೆ ಕೂರಿಸಿದ್ದೀಯಲ್ಲ. ಮೇಕಪ್ ಎಲ್ಲಿ?"

"ನಾಳೆ."

"ನಾಳೆ ಶುಕ್ರವಾರ. ನಾಡಿದ್ದು ಒಂದು ದಿನ. ಸುಮ್ಮನೆ ಹಣ ಹಾಳು ಮಾಡ್ಬೇಡ ಹಿಶಾಮ್. ಶೋಭಿತ್‌ಗೆ ಇವತ್ತೇ ಫೋನ್ ಮಾಡ್ಲಾ?"

"ಆದಿತ್ಯವಾರ ಅಂತ ಹೇಳಿದ್ದು ಭಾವ."

ಬೀಫಾತಿಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದರು. ಮಗನ ಮುಖ ಸಣ್ಣದಾದದ್ದು ಅವರಿಗೆ ಕಂಡಿತು.

ಶುಕ್ರವಾರ ಮಧ್ಯಾಹ್ನದ ನಮಾಜಿಗೆ ಅಂಗಡಿ ಮುಚ್ಚುತ್ತಾರೆ. ಅವತ್ತು ಹಿಶಾಮ್ ಬಟ್ಟೆ ಬದಲಿಸಲು ಮನೆಗೆ ಬಂದ. ಶೆಡ್ಡಿನ ಕಡೆ ಒಮ್ಮೆ ಇಣುಕಿದ. ತಾಯಿ ಪರದೆಯೊಳಗೆ ಟ್ಯಾಂಕಿಯ ಎದುರು ಕೂತಿದ್ದರು. ಒಂದು ಕೈಯಲ್ಲಿ ತೆಂಗಿನೆಣ್ಣೆಯ ಬಾಟಲಿ, ಇನ್ನೊಂದರಲ್ಲಿ ಹಳೆಯ ಬಟ್ಟೆ. ಟ್ಯಾಂಕಿಗೆ ಎಣ್ಣೆ ಹಚ್ಚಿ, ಮಗುವಿನ ಬೆನ್ನು ಒರೆಸುವಂತೆ ಒರೆಸುತ್ತಿದ್ದರು.

"ಉಮ್ಮ, ಎಂತ ಮಾಡ್ತಾ ಇದ್ದೀರಿ?"

"ಕಾಣುದಿಲ್ವಾ? ಕಬ್ಬಿಣವನ್ನು ಬೆತ್ತಲೆ ಬಿಟ್ಟು ಹೋಗಿದ್ದೀಯಲ್ಲ. ಈ ಗಾಳಿಗೆ ಸಂಜೆಯೊಳಗೆ ತುಕ್ಕು ಹಿಡಿಯುದಿಲ್ವಾ? ಮೊನ್ನೆಯೂ ನಾನೇ ಹಚ್ಚಿದ್ದು."

ಹಿಶಾಮ್ ಒಳಗೆ ಹೋಗಿ ಟ್ಯಾಂಕಿಯ ಮೇಲೆ ಬೆರಳು ಸವರಿ ಮೂಸಿ ನೋಡಿದ.

ಈ ಊರಿನ ಅಡುಗೆಮನೆ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ತರಕಾರಿ ಹೆಚ್ಚುವ ಮೆಟ್ಟುಕತ್ತಿ ಇರಲಿ, ಕಬ್ಬಿಣದ ಕಾವಲಿ ಇರಲಿ, ತೊಳೆದು ಒಣಗಿಸಿದ ಮೇಲೆ ಬೆರಳಲ್ಲಿ ಒಂದಿಷ್ಟು ತೆಂಗಿನೆಣ್ಣೆ ಸವರಿಯೇ ಗೂಡಿನಲ್ಲಿ ಇಡುವುದು. ಸವರದಿದ್ದರೆ ಮರುದಿನಕ್ಕೆ ಕೆಂಪು. ಬೀಫಾತಿಮ್ಮ ಅರುವತ್ತು ವರ್ಷದಿಂದ ಹಾಗೆ ಮಾಡಿಕೊಂಡು ಬಂದವರು. ಅವರು ಹೇಳಿದ್ದು ಸರಿಯೇ ಆಗಿತ್ತು, ತುಕ್ಕು ಹಿಡಿಯಲೂ ಇಲ್ಲ. ಕಣ್ಣಿಗೆ ಜಿಡ್ಡು ಕಾಣದಷ್ಟು ಚೆನ್ನಾಗಿ ಒರೆಸಿದ್ದರು. ಆದರೆ ಕಣ್ಣಿಗೆ ಕಾಣದ ಎಣ್ಣೆಯನ್ನೂ ಬಣ್ಣ ಬಿಡದೆ ಕಂಡುಹಿಡಿಯುತ್ತದೆ.

"ಎಣ್ಣೆ ಇದ್ರೆ ಪೈಂಟ್ ಹಿಡಿಯುದಿಲ್ಲ ಉಮ್ಮ."

"ಅದನ್ನು ಮೊದಲೇ ಹೇಳ್ಬೇಕಿತ್ತು."

"ನೀವು ಹಚ್ತೀರಿ ಅಂತ ನನಗೆ ಹೇಗೆ ಗೊತ್ತು?"

"ನಲುವತ್ತು ವರ್ಷ ನನ್ನ ಮನೆಯಲ್ಲಿ ಇದ್ದೀಯ. ಗೊತ್ತಾಗ್ಬೇಕಿತ್ತು," ಎಂದು ಬೀಫಾತಿಮ್ಮ ಬಾಟಲಿಯ ಮುಚ್ಚಳ ತಿರುಗಿಸಿದರು.

ಅವನು ಸಿಟ್ಟಾಗಲಿಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾದದ್ದೇ ಅವನಿಗೆ ದೊಡ್ಡ ಸಮಾಧಾನವಾದಂತಿತ್ತು. ನಮಾಜು ಮುಗಿಸಿ ಬಂದು, ಸಂಜೆಗೂ ಶನಿವಾರಕ್ಕೂ ಹಾಜಿಯವರಲ್ಲಿ ಫೋನಿನಲ್ಲೇ ರಜೆ ಕೇಳಿದ. ಕೇಳುವ ಅಭ್ಯಾಸವಿಲ್ಲದವನು ಕೇಳಿದ್ದರಿಂದ ಯಾರಾದರೂ ತೀರಿಕೊಂಡರೇ ಎಂದು ಅವರು ವಿಚಾರಿಸಿದರಂತೆ. ಟ್ಯಾಂಕಿಯನ್ನು ಸೋಪಿನ ಪುಡಿ, ಬಿಸಿನೀರಿನಿಂದ ತಿಕ್ಕಿ ತೊಳೆದ. ಒಣಗಿದ ಮೇಲೆ ಬಿಳಿ ಬಟ್ಟೆಯಲ್ಲಿ ಥಿನ್ನರ್ ಅದ್ದಿ ಒರೆಸಿದ. ಬಟ್ಟೆಯ ಬದಿ ಬದಲಿಸಿ ಮತ್ತೆ ಒರೆಸಿದ. ತಾಯಿಯನ್ನು ಶೆಡ್ಡಿನ ಹೊರಗೆ ಕುರ್ಚಿ ಹಾಕಿ ಕೂರಿಸಿ, "ಬೆಕ್ಕು ಬರದ ಹಾಗೆ ನೋಡಿಕೊಳ್ಳಿ, ನೀವೂ ಬರ್ಬೇಡಿ," ಎಂದ. ಸಂಜೆ ಹೊಡೆದ ಪ್ರೈಮರ್ ಈ ಸಲ ಎಲ್ಲೂ ಕಣ್ಣು ಬಿಡಲಿಲ್ಲ.

ಶನಿವಾರ ಬೆಳಿಗ್ಗೆ ಇಬ್ಬನಿ ಆರುವವರೆಗೆ ಕಾದು ಮರೂನ್ ಹೊಡೆದ. ಅದು ಒಣಗಿದ ಮೇಲೆ ಕಪ್ಪು, ತೀರ ತೆಳುವಾಗಿ, ಕೈಯನ್ನು ಎಲ್ಲಿಯೂ ನಿಲ್ಲಿಸದೆ. ನಡುನಡುವೆ ಜೇಬಿನ ಮುಚ್ಚಳ ತೆಗೆದು ಪಕ್ಕದಲ್ಲಿ ಹಿಡಿದು ನೋಡುತ್ತಿದ್ದ. ಸಾಜಿದಾ ಊಟಕ್ಕೆ ಕರೆಯಲು ಬಂದವಳು ಸ್ವಲ್ಪ ಹೊತ್ತು ನಿಂತಳು.

"ಇನ್ನೂ ಸ್ವಲ್ಪ ಕಪ್ಪು ಬೇಡ್ವಾ?"

"ಇನ್ನೂ ಹಾಕಿದ್ರೆ ಒಳಗಿನದು ಸಾಯ್ತದೆ."

ಅವಳು ಹೋಗಿ, ಊಟವನ್ನು ತಟ್ಟೆಯಲ್ಲಿ ಶೆಡ್ಡಿಗೇ ತಂದು ಕೊಟ್ಟಳು. ಮಧ್ಯಾಹ್ನದ ಮೇಲೆ ಲ್ಯಾಕರ್ ಬಿತ್ತು. ಮಡ್‌ಗಾರ್ಡ್‌ನ ಅಂಚಿನಲ್ಲಿ ಒಂದು ಕಡೆ ಅದು ಇಳಿದು ಹನಿಗಟ್ಟಿತು. ಉಜ್ಜಲು ಹೋದರೆ ಇರುವುದೂ ಕೆಡುತ್ತದೆಂದು ಹಾಗೆಯೇ ಬಿಟ್ಟ.

ಆದಿತ್ಯವಾರ ಹೊತ್ತೇರಿದ ಮೇಲೆ ಅಝರ್ ತನ್ನ ಕಾರಿನಲ್ಲಿ ಶೋಭಿತ್‌ನನ್ನು ಕರೆದುಕೊಂಡು ಬಂದ. ಹಿಶಾಮ್ ಬೆಳಿಗ್ಗೆಯೇ ಮಡ್‌ಗಾರ್ಡ್, ಟ್ಯಾಂಕಿ ಕೂರಿಸಿ, ಪೆಟ್ರೋಲ್ ಹಾಕಿ, ಬೈಕನ್ನು ಗೇಟಿನ ಹೊರಗೆ ಬಿಸಿಲಿಗೆ ನಿಲ್ಲಿಸಿದ್ದ. ಶೋಭಿತ್ ಇಪ್ಪತ್ತೈದರ ತುಳು ಹುಡುಗ, ಶೋರೂಮಿನ ಟೀ-ಶರ್ಟು ಹಾಕಿಕೊಂಡವನು. ಬೈಕಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಟ್ಯಾಂಕಿಯ ಮೇಲೆ ತನ್ನ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಂಡ.

"ಯಾವ ವರ್ಕ್‌ಶಾಪಿನಲ್ಲಿ ಮಾಡಿಸಿದ್ದು ಅಣ್ಣ?"

"ಇಲ್ಲೇ, ಟೀಚರ ಶೆಡ್ಡಿನಲ್ಲಿ."

"ಮಡ್‌ಗಾರ್ಡಿನಲ್ಲಿ ಪೈಂಟ್ ಇಳಿದಿದೆ," ಎಂದ ಅಝರ್.

"ಅದು ಕಂಪೆನಿ ಪೈಂಟಿನಲ್ಲೂ ಇರ್ತದೆ ಸಾರ್. ಕಲರ್ ಎಂತ ಇದು? ಕಪ್ಪಾ? ಇಲ್ಲಿಂದ ನೋಡಿದ್ರೆ ಕೆಂಪು ಬರ್ತದಲ್ಲ." ಶೋಭಿತ್ ಫೋನು ತೆಗೆದು ಯಾರೊಂದಿಗೋ ತುಳುವಿನಲ್ಲಿ ಮಾತಾಡಿ, ಅಝರನ ಕಡೆ ತಿರುಗಿದ. "ಸಾರ್, ಮೊದಲು ಹೇಳಿದ ರೇಟ್ ಬೇಡ. ಜಾಸ್ತಿ ಕೊಡುವ."

ಅಝರನಿಗೆ ಬಹಳ ಸಂತೋಷವಾಯಿತು. "ನೋಡು ಹಿಶಾಮ್, ನಿನ್ನ ಕೆಲಸ ದಂಡ ಆಗ್ಲಿಲ್ಲ. ಕೊಟ್ಟು ಬಿಡುವ. ಕೀ ತಾ."

"ಶೋಭಿತ್," ಎಂದ ಹಿಶಾಮ್, "ಇದು ಗುಜರಿಯಾ?"

"ಗುಜರಿ ಅಂತ ಯಾರು ಹೇಳಿದ್ದು?"

"ಆಯ್ತು ಭಾವ. ಮಾತು ಮುಗೀತು."

"ಅಯ್ಯೋ ಮಾರಾಯ, ಗುಜರಿ ಅಲ್ಲ ಅಂತಲೇ ಅಲ್ವಾ ಜಾಸ್ತಿ ಕೊಡುದು? ಸಾಜಿದಾ, ನೀನು ಹೇಳು ಇವನಿಗೆ."

ಸಾಜಿದಾ ಗೇಟಿನ ಒಳಗಿನಿಂದ ಬೈಕನ್ನೂ ಗಂಡನನ್ನೂ ನೋಡಿದಳು. "ಅಲ್ಲ ಅಂತ ಹೇಳಿದ್ರೆ ಇಲ್ಲೇ ಅಂತ ಮಾತು ಆದದ್ದು ಕಾಕ. ನೀನೇ ಒಪ್ಪಿದ್ದು."

"ಸ್ಕೂಟರ್ ಬೇಕು ಅಂತ ನೀನೇ ಹೇಳಿದ್ದು."

"ಸ್ಕೂಟರ್ ಬೇಕು. ಅದನ್ನು ನಾನು ಕಲಿತು ನಾನೇ ಬಿಡ್ಲಿಕ್ಕೆ. ಇವರದ್ದನ್ನು ಕೊಟ್ಟು ಬೇಡ."

ಅಝರ್ ಬಾಯಿ ತೆರೆಯುವ ಮೊದಲು ಬೀಫಾತಿಮ್ಮ ಜಗಲಿಯ ಕುರ್ಚಿಯಿಂದಲೇ ಹೇಳಿದರು: "ಅಝರ್, ಮೊನ್ನೆ ಪೈಂಟ್ ಹಾಳಾದದ್ದು ನೋಡಿ ನೀನು ನಗಾಡಿದ್ದು ಉಂಟಲ್ಲ, ಅದು ಅವನ ಕೈಯ ತಪ್ಪಲ್ಲ. ನಾನು ಎಣ್ಣೆ ಹಚ್ಚಿದ್ದು. ಅವನು ನಿನ್ನ ಹತ್ರ ಹೇಳ್ಲಿಲ್ಲ, ಅದಕ್ಕೆ ನಾನೇ ಹೇಳ್ತೇನೆ. ಒಳಗೆ ಬಂದು ಚಾ ಕುಡಿ."

ಅಝರ್ ಬೈಕಿನ ಕಡೆಗೊಮ್ಮೆ, ಮುದುಕಿಯ ಕಡೆಗೊಮ್ಮೆ ನೋಡಿದ. ಆಮೇಲೆ ನಕ್ಕು, ಚಪ್ಪಲಿ ಕಳಚಿ ಒಳಗೆ ಹೋದ.

ಉಳಿದವನು ಶೋಭಿತ್. ಬೈಕು ಓಡಿಸಿಕೊಂಡು ಹೋಗುವ ಲೆಕ್ಕದಲ್ಲಿ ಹೆಲ್ಮೆಟ್ ಹಿಡಿದುಕೊಂಡು ಬಂದಿದ್ದ. "ಅಣ್ಣ, ಇಲ್ಲಿ ಬಸ್ಸು ಎಲ್ಲಿ ಸಿಗ್ತದೆ?" ಎಂದು ಕೇಳಿದ.

"ಎಲ್ಲಿಗೆ ನಿಮಗೆ?"

"ನಂತೂರು."

"ಕೂತ್ಕೊಳ್ಳಿ, ಬಿಡ್ತೇನೆ. ಹಿಂದಿನ ಹಿಡಿ ಹಿಡ್ಕೊಳ್ಳಿ. ಟ್ಯಾಂಕಿಗೆ ಕೈ ಹಾಕ್ಬೇಡಿ, ಪೂರಾ ಗಟ್ಟಿ ಆಗ್ಲಿಲ್ಲ."

ಎಕ್ಸ್‌ಚೇಂಜಿಗೆ ಬಂದವನನ್ನು ಹಿಂದೆ ಕೂರಿಸಿಕೊಂಡು ಹಿಶಾಮ್ ಹೊರಟ. ಅವನು ಹಿಂದಿರುಗಿದಾಗ ಅಝರನ ಚಹಾ ಮುಗಿದು, ಊಟವೂ ಮುಗಿದಿತ್ತು. ನಂತೂರಿಗೆ ಹೋಗಿ ಬರಲು ಅಷ್ಟು ಹೊತ್ತು ಬೇಕಾಗಿಲ್ಲ. ಬಿಸಿಲಿದ್ದ ರಸ್ತೆಗಳನ್ನೆಲ್ಲ ಸುತ್ತಿಯೇ ಬಂದಿರಬೇಕು.