ಎಡಗೆನ್ನೆಯ ತಂಪು

ನಮ್ಮ ದೊರೆಯ ಮನೆಯ ಬಟ್ಲರ್ ಬಲಗೆನ್ನೆಯನ್ನು ವಾರಕ್ಕೊಮ್ಮೆ ಹೆರೆದುಕೊಳ್ಳುತ್ತಿದ್ದರು, ಎಡಗೆನ್ನೆಯನ್ನು ದಿನಾ ಬೆಳಿಗ್ಗೆ. ಹಿರಿಯೂರಿನ ಪೇಟೆಯಲ್ಲಿ ಅವರನ್ನು ಹೊಸದಾಗಿ ಕಂಡವರು ಕ್ಷೌರಿಕ ಅರ್ಧಕ್ಕೇ ಎದ್ದು ಹೋಗಿರಬೇಕು ಎಂದು ನಗುತ್ತಿದ್ದರು. ನಗಲಿ. ಆ ಎಡಗೆನ್ನೆ ಅವರ ಕಸುಬಿನ ಸಾಧನ. ತಂಪು ನೋಡಲು ವೈನಿನ ಸೀಸೆಯನ್ನು ಅದಕ್ಕೆ ಒತ್ತಿ, ಕಣ್ಣು ಮುಚ್ಚಿ, ಮೂರು ಉಸಿರಿನಷ್ಟು ಹೊತ್ತು ನಿಲ್ಲುವರು. ಆಮೇಲೆ "ಇನ್ನೊಂದೀಟು ಗಾಳಿ ಬೇಕು" ಎನ್ನುವರು, ಇಲ್ಲವೇ "ಆತು, ಇಳಸ್ರಿ" ಎನ್ನುವರು. ಈ ಎರಡರ ನಡುವೆ ಮೂರನೆಯ ಮಾತು ಅವರ ಬಾಯಲ್ಲಿ ಇರಲಿಲ್ಲ.

ಮಾರಿಕಣಿವೆಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ ಅದು. ದೊರೆ ಅಲ್ಲಿಯ ಬಿಳಿಯ ಇಂಜಿನಿಯರರಲ್ಲಿ ಒಬ್ಬರು, ನಾನು ಅವರ ಕಾಗದಪತ್ರವನ್ನು ಇಂಗ್ಲಿಷಿನಲ್ಲಿ ಬರೆಯುವ ಗುಮಾಸ್ತ. ಬಟ್ಲರು ಹೊಸದುರ್ಗದ ಕಡೆಯ ಕುರಿಗಾರರ ಮನೆಯವರು. ಮಂಜುಗಡ್ಡೆಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ, ವೈನನ್ನು ನಾಲಗೆಗೆ ಸೋಕಿಸಿರಲಿಲ್ಲ. ಆದರೆ ಕುರಿ ಹಿಂದೆ ಅಲೆಯುವವರು ಕುಡಿಯುವ ನೀರನ್ನು ಹೇಗೆ ತಂಪಾಗಿಡುತ್ತಾರೆಂಬುದು ಅವರಿಗೆ ಗೊತ್ತಿತ್ತು. ಸೀಸೆಗೆ ಮೊದಲು ಒಗೆದ ಹತ್ತಿಬಟ್ಟೆ, ಉಣ್ಣೆಯ ವಾಸನೆ ತಾಗಬಾರದಲ್ಲ. ಅದರ ಮೇಲೆ ನೆನೆಸಿ ಹಿಂಡಿದ ಹಳೆಯ ಕರಿಕಂಬಳಿಯ ತುಂಡು. ಹಿತ್ತಲ ಬೇವಿನ ಮರದ ನೆರಳಲ್ಲಿ, ಗಾಳಿ ಬರುವ ಕೊಂಬೆಗೆ ನೇತುಹಾಕಿದರೆ ಮುಗಿಯಿತು. ಬಿಳಿ ವೈನಿಗೆ ಬೆಳಗಿನಿಂದ ಊಟದ ಹೊತ್ತಿನವರೆಗೆ, ಕೆಂಪಿಗೆ ಅದರ ಅರ್ಧ. ಕಂಬಳಿ ಒಣಗಿತೆಂದರೆ ಮತ್ತೆ ನೀರು ಚಿಮುಕಿಸುವರು. "ಗಾಳಿ ಕುಡೀತೈತೆ ನೀರ್ನ, ಸೀಸೆ ತಣ್ಣಗಾಗ್ತೈತೆ. ಇದ್ರಾಗೆ ನಂದೇನೈತೆ" ಎನ್ನುವರು. ಬೀಗುವುದು ಅವರ ಸ್ವಭಾವವಲ್ಲ, ಹೆದರುವುದೂ ಅಲ್ಲ.

ಒಂದು ಬೇಸಿಗೆಯಲ್ಲಿ ದೊರೆಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಬಟ್ಲರಿಗೆ ಹೇಗಾದರೂ ಅವರ ಜೊತೆ ಹೋಗಬೇಕಿತ್ತು. ಗಂಡ ಸತ್ತ ಮಗಳು ಅಲ್ಲಿಯ ಕೋಟೆಯ ಕೆಳಗಿನ ಒಂದು ಕೇರಿಯಲ್ಲಿ ಮೂರು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಇದ್ದಳು. ದೊರೆ ಮಾತ್ರ ಬೆಂಗಳೂರಿನಿಂದ ಕಲಿತ ಬಟ್ಲರನನ್ನು ತರಿಸುವ ಯೋಚನೆಯಲ್ಲಿದ್ದರು. "ಮೇಲಧಿಕಾರಿ ಊಟಕ್ಕೆ ಬರುತ್ತಾರೆ. ಅದು ಚೆನ್ನಾಗಿ ನಡೆದರೆ ನಿನ್ನನ್ನೇ ಕರೆದೊಯ್ಯುತ್ತೇನೆ" ಎಂದರು.

ಊಟದ ದಿನ ಬೆಳಿಗ್ಗೆ ನನ್ನ ತಲೆಗೆ ಪಾಂಡಿತ್ಯ ಏರಿತು. ದೊರೆಯ ಕಪಾಟಿನಲ್ಲಿ ಅತಿಥಿಸತ್ಕಾರದ ಒಂದು ದಪ್ಪ ಪುಸ್ತಕವಿತ್ತು. ಕೆಂಪು ವೈನನ್ನು ತಂಪು ಮಾಡಬಾರದು, ಊಟದ ಕೋಣೆಯ ಶಾಖದಲ್ಲೇ ಕೊಡಬೇಕು ಎಂದು ಅದರಲ್ಲಿ ಅಚ್ಚಾಗಿತ್ತು. ಹಿತ್ತಲಿಗೆ ಓಡಿ ಅವರಿಗೆ ಓದಿ ಹೇಳಿದೆ.

ಅವರು ಕಂಬಳಿ ಹಿಂಡುತ್ತಾ ಕೇಳಿದರು: "ಯಾವೂರ ಕೋಣೆ ಸ್ವಾಮಿ ಅದು?"

"ಕೋಣೆ ಅಂದರೆ ಕೋಣೆ, ಯಜಮಾನ್ರೆ. ಪುಸ್ತಕ ಸುಳ್ಳು ಹೇಳುತ್ತದೆಯೇ? ನಿಮಗೆ ಚಿತ್ರದುರ್ಗ ಬೇಕೋ ಬೇಡವೋ?"

ಅವರು ಕೊಂಬೆಯ ಕಡೆ ಕೈ ತೋರಿಸಿದರು. ನಾನೇ ಕೊಂಬೆಯಿಂದ ಒಂದು ಕೆಂಪು ಸೀಸೆ ಬಿಚ್ಚಿ ಒಳಗೆ ಮೇಜಿನ ಮೇಲಿಟ್ಟೆ. ಹಿರಿಯೂರಿನ ಬಿಸಿಲು ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಆ ಕೋಣೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ತಂಬಿಗೆಯ ನೀರೂ ಬೆಚ್ಚಗಾಗುತ್ತಿತ್ತು.

ಮೇಲಧಿಕಾರಿ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಸ್ನಾನಕ್ಕೆ ಕಾಯಿಸಿದ್ದೋ ಇದು?" ಎಂದರು. ದೊರೆಯ ಮುಖ ಕೆಂಪೇರಿತು. ಬಟ್ಲರ ಕಡೆ ತಿರುಗಿ, ಯಾರು ಮಾಡಿದ್ದು ಎಂದು ಕೇಳಿದರು. ನಾನು ಬಾಗಿಲ ಪಕ್ಕದಲ್ಲೇ ಇದ್ದೆ. ಒಂದು ಹೆಜ್ಜೆ ಹಿಂದೆ ಸರಿದೆ.

"ನಂದೇ ತಪ್ಪು ದೊರೆ" ಎಂದರು ಬಟ್ಲರು.

"ಹಾಗಾದರೆ ಚಿತ್ರದುರ್ಗ ಮರೆತುಬಿಡು."

ಅವರು ತಲೆಬಾಗಿ ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋದೆ. ಏಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ನಾನು ತಪ್ಪಿದ್ರೆ ಒಂದು ಸೀಸೆ ಕೆಟ್ಟಂಗೆ. ನೀವು ತಪ್ಪಿದ್ರಿ ಅಂದ್ರೆ ನಾಳಿಂದ ನೀವು ಬರ್ದಿದ್ನೆಲ್ಲ ಅನುಮಾನದಾಗೆ ನೋಡ್ತಾರೆ. ನಿಮ್ಗಿನ್ನೂ ಸಣ್ಣ ವಯಸ್ಸು, ಹೋಗ್ಲಿ ಬಿಡ್ರಿ."

ಹೀಗೆ ಹೇಳುತ್ತಲೇ ಅವರು ಇನ್ನೊಂದು ಕಂಬಳಿಯ ಗಂಟು ಬಿಚ್ಚುತ್ತಿದ್ದರು. ಒಳಗೆ ಎರಡನೆಯ ಕೆಂಪು ಸೀಸೆ ಇತ್ತು. "ಓದಿದೋರ ಮಾತು ಮೀರಬಾರ್ದು, ಅದ್ಕೆ ಒಂದು ಕೊಟ್ಟೆ. ನನ್ ಕೆನ್ನೆ ಮಾತ್ನೂ ಮೀರಬಾರ್ದಲ್ಲ" ಎಂದು ಅದನ್ನು ಕೆನ್ನೆಗೊತ್ತಿ ಕಣ್ಣು ಮುಚ್ಚಿದರು. "ಆತು."

ನನ್ನ ಜೀವನದಲ್ಲಿ ನಾನು ಮಾಡಿದ ಒಂದೇ ಧೈರ್ಯದ ಕೆಲಸವೆಂದರೆ ಆ ಸೀಸೆಯ ಹಿಂದೆ ಊಟದ ಕೋಣೆಗೆ ವಾಪಸು ನಡೆದದ್ದು. ಕೆಂಪು ಸೀಸೆ ಬಿಚ್ಚಿದವನು ನಾನು, ಇವರಲ್ಲ, ಎಂದು ಹೇಳಿದೆ. ಪುಸ್ತಕದ ಮಾತನ್ನೂ ಹೇಳಿದೆ. ಮೇಲಧಿಕಾರಿ ಹೊಸ ಸೀಸೆಯಿಂದ ಕುಡಿದು ಇನ್ನೊಮ್ಮೆ ಲೋಟ ಮುಂದೆ ಚಾಚಿದರು. ಆ ಪುಸ್ತಕ ಬರೆದವನ ಊರಿನಲ್ಲಿ ಜನ ಉಣ್ಣೆಯ ಕೋಟು ಹಾಕಿಕೊಂಡೇ ಊಟಕ್ಕೆ ಕೂರುತ್ತಾರೆ ಎಂದು ನಕ್ಕರು. ದೊರೆ ನಗಲಿಲ್ಲ. ಆ ಬೇಸಿಗೆಯಿಡೀ ನನ್ನನ್ನು ಕಣಿವೆಯಲ್ಲಿ ಕಲ್ಲು ಅಳೆಯಲು ಹಾಕಿದರು, ಮೈ ಕರಿಕಂಬಳಿಯ ಬಣ್ಣಕ್ಕೆ ತಿರುಗಿತು. ಬಟ್ಲರು ದೊರೆಯ ಜೊತೆ ಚಿತ್ರದುರ್ಗಕ್ಕೆ ಹೋದರು. ನನಗೆ ಅಷ್ಟು ಸಾಕಾಗಿತ್ತು.

ಎಷ್ಟೋ ವರ್ಷಗಳ ಮೇಲೆ ನನಗೂ ಆ ಊರಿಗೆ ವರ್ಗವಾಯಿತು. ಒಂದು ಬೇಸಿಗೆಯ ಬೆಳಿಗ್ಗೆ ಅವರ ಮಗಳು ಹೇಳಿಕಳಿಸಿದಳು: "ಅಪ್ಪಗೆ ಜ್ವರ ಇಳೀತಿಲ್ಲ, ನಿಮ್ನ ಕೇಳ್ತಾನೆ." ಗಡಿಬಿಡಿಯಲ್ಲಿ ಹಾಗೇ ಎದ್ದು ಓಡಿದೆ. ಅವರ ಮನೆಯ ಗೂಟದಲ್ಲಿ ಅದೇ ಕಂಬಳಿಯ ತುಂಡು ನೇತಾಡುತ್ತಿತ್ತು. ಅದನ್ನು ನೆನೆಸಿ ಹಿಂಡಿ, ಹತ್ತಿಬಟ್ಟೆ ಮೊದಲು ಹಾಸಿ, ಅವರ ಹಣೆಗೆ ಸುತ್ತಿದೆ. ಒಣಗಿದಾಗಲೆಲ್ಲ ನೀರು ಚಿಮುಕಿಸಿದೆ. ಮಗಳು ಕಿಟಕಿ ತೆರೆದಳು. ಮಧ್ಯಾಹ್ನ ಕಂಬಳಿ ಸರಿಸಿ ಅವರ ಹಣೆಗೆ ನನ್ನ ಎಡಗೆನ್ನೆ ಒತ್ತಿ ಕಣ್ಣು ಮುಚ್ಚಿದೆ.

"ಗಡ್ಡ ಚುಚ್ತೈತೆ, ಗುಮಾಸ್ತ್ರೆ" ಎಂದರು.

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹಣೆ ತಣ್ಣಗಾಗಿತ್ತು. ಇನ್ನೊಂದಿಷ್ಟು ಗಾಳಿ ಬೇಕೇ ಎಂದು ಕೇಳಿದೆ. ಅವರು ಕಣ್ಣು ಮುಚ್ಚಿ, "ಆತು, ಇಳಸ್ರಿ" ಎಂದರು. ಬಿಸಿಲು ಇಳಿಯುವ ಹೊತ್ತಿಗೆ ತೀರಿಹೋದರು.

ವೈನನ್ನು ನಾನೂ ಇಂದಿನವರೆಗೆ ಕುಡಿದಿಲ್ಲ. ಆದರೆ ಅವತ್ತಿನಿಂದ ಒಂದು ದಿನವೂ ತಪ್ಪದೆ, ಬೆಳಿಗ್ಗೆ ಎದ್ದ ಕೂಡಲೇ ಎಡಗೆನ್ನೆ ಹೆರೆದುಕೊಳ್ಳುತ್ತೇನೆ.